ಕಟ್ಟೆಯ ಮಾತು, ಸಭೆಯ ನಡವಳಿ

ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಸುದ್ದಿಗೆ ಬರವಿಲ್ಲ. ಅದನ್ನು ಕುಳಿತು ಕೇಳಿ ಬರೆದಿಡುವ ಸಭೆಗೆ ಮಾತ್ರ ಬರ ಬಂದಿದೆ

ಕನ್ನಡದ ದಿನಪತ್ರಿಕೆಗಳಲ್ಲಿ ರಾಜ್ಯ ರಾಜಕಾರಣಕ್ಕೂ ಕ್ರೀಡೆಗೂ ನಡುವೆ ಎಲ್ಲಿಯೋ ಸಿಕ್ಕಿಕೊಂಡಿರುವ ಜಿಲ್ಲಾ ಪುಟವನ್ನು ನಗರದ ಓದುಗನು ಸಾಮಾನ್ಯವಾಗಿ ಮಗುಚಿ ಮುಂದಕ್ಕೆ ಸಾಗುವನಾದರೂ, ಸಾವಧಾನದಿಂದ ಓದಬಲ್ಲವರಿಗೆ ಅದರಷ್ಟು ಸತ್ತ್ವವುಳ್ಳ ಪುಟ ಬೇರೊಂದಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾದರೂ ಬದಲಾಯಿಸಲಿಲ್ಲವೆಂಬ ದೂರು, ನಕಾಶೆಯಲ್ಲಿರುವ ದಾರಿಯನ್ನು ಯಾರೋ ಉತ್ತು ರಾಗಿ ಬಿತ್ತಿದ್ದಾರೆಂಬ ಅಹವಾಲು, ಬೋನಿಗೆ ಬಿದ್ದ ಚಿರತೆ, ಕೊಟ್ಟಿಗೆಯಿಂದ ಕಾಣೆಯಾದ ಸೀಮೆಹಸು, ಹಾಲಿನ ಡೇರಿಗೆ ಅವಿರೋಧವಾಗಿ ಆಯ್ಕೆಯಾದ ಹೊಸ ಅಧ್ಯಕ್ಷರು, ಊರಹಬ್ಬದ ಆರತಿ, ಬೆಸ್ಕಾಂ ಪ್ರಕಟಣೆ, ಹಿರಿಯರೊಬ್ಬರ ನಿಧನ — ಇವೆಲ್ಲವೂ ಒಂದೊಂದು ಅಂಗುಲದ ಸ್ಥಳದಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿರುತ್ತವೆ. ರಾಜಧಾನಿಯ ದೃಷ್ಟಿಗೆ ಕ್ಷುದ್ರವೆನಿಸಬಹುದಾದ ಈ ವರ್ತಮಾನಗಳು ಆ ಊರಿನವರ ದಿನಚರಿಯನ್ನು ನಿರ್ಧರಿಸತಕ್ಕವು. ಮಂತ್ರಿಮಂಡಲ ಬದಲಾದರೂ ನಡೆದುಹೋಗುವ ಸಂಸಾರ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಡೆಯದು.

ಬೆಂಗಳೂರು ಗ್ರಾಮಾಂತರವೆಂಬ ಜಿಲ್ಲೆ 1986ರಲ್ಲಿ ಹುಟ್ಟಿತು. 2007ರಲ್ಲಿ ರಾಮನಗರವು ಪ್ರತ್ಯೇಕಗೊಂಡ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲವೆಂಬ ನಾಲ್ಕು ತಾಲ್ಲೂಕುಗಳು ಮಾತ್ರ ಅದರ ಪಾಲಿಗೆ ಉಳಿದವು. 2011ರ ಜನಗಣತಿಯ ಪ್ರಕಾರ ಇಲ್ಲಿದ್ದವರು 9,90,923 ಮಂದಿ. ಹೆಸರಿನಲ್ಲಿದ್ದ ‘ಗ್ರಾಮಾಂತರ’ವನ್ನು ತೆಗೆದು ‘ಬೆಂಗಳೂರು ಉತ್ತರ’ವೆಂದು ಕರೆಯಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟವು ಸಮ್ಮತಿಸಿತು. ಹೆಸರು ಯಾವುದಾದರೂ ಇರಲಿ, ಮಹಾನಗರದ ಉತ್ತರ ಭಾಗವನ್ನು ಪೂರ್ವದಿಂದ ಪಶ್ಚಿಮದವರೆಗೆ ಬಳಸಿಕೊಂಡಿರುವ ಈ ಸೀಮೆಯ ಹಳ್ಳಿಗಳ ಸುದ್ದಿಯು ಆ ಹಳ್ಳಿಗಳಲ್ಲೇ ಹುಟ್ಟುತ್ತದೆಯೇ, ಬೇರೆಲ್ಲಿಯಾದರೂ ಹುಟ್ಟಿ ಅಲ್ಲಿಗೆ ಬಂದು ತಲಪುತ್ತದೆಯೇ ಎಂಬುದೇ ವಿಚಾರಿಸತಕ್ಕ ವಿಷಯವಾಗಿದೆ.

ಊರೊಳಗಿನ ವರ್ತಮಾನ

ಊರೊಳಗೇ ಹುಟ್ಟತಕ್ಕ ಸುದ್ದಿಗಳಲ್ಲಿ ಅಗ್ರಸ್ಥಾನ ನೀರಿಗೆ ಸಲ್ಲುತ್ತದೆ. ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನಂದಿಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟುವ ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಮಳೆಯ ಕೃಪೆಯನ್ನು ನಂಬಿಕೊಂಡೇ ಕೆರೆಯಿಂದ ಕೆರೆಗೆ ಸಾಗತಕ್ಕವು. ಕೆರೆಗಳು ತುಂಬುವುದು ಅಪರೂಪವಾದಂತೆ ಕೊಳವೆಬಾವಿಗಳು ಆಳವಾದುವು. ಅರಳಿಕಟ್ಟೆಯ ಮೇಲೆ “ಯಾಕಣ್ಣ, ಬೋರಲ್ಲಿ ನೀರು ಬಿತ್ತಾ?” ಎಂದು ಕಿರಿಯನೊಬ್ಬ ಕೇಳಿದರೆ, “ಎಲ್ಲಿ ಬೀಳ್ತದೆ ತಮ್ಮಾ, ಸಾವಿರದಿನ್ನೂರು ಅಡಿಗೂ ಬರೀ ಧೂಳು” ಎಂಬ ಉತ್ತರವು ಹೊಸಕೋಟೆಯ ಕಡೆಯಾಗಲಿ, ದೊಡ್ಡಬಳ್ಳಾಪುರದ ಕಡೆಯಾಗಲಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಕುಡಿಯುವ ನೀರಿಗಾಗಿ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುವ ಶುದ್ಧ ನೀರಿನ ಘಟಕವೊಂದು ಊರ ಮುಂದೆ ನಿಂತಿದೆ. ಅದು ಕೆಟ್ಟು ನಿಂತ ದಿನ ಪಕ್ಕದೂರಿಗೆ ದ್ವಿಚಕ್ರವಾಹನದಲ್ಲಿ ಕ್ಯಾನುಗಳ ಯಾತ್ರೆ ಹೊರಡುತ್ತದೆ. ಹಿಂದೆ ಕೆರೆಯ ತೂಬನ್ನೆತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಯ ಹೆಸರು ಇಂದು ಪಂಚಾಯಿತಿಯ ಮೋಟಾರು ಹಾಕಿ ಬೀದಿಬೀದಿಗೆ ನಲ್ಲಿ ಬಿಡುವವನಿಗೆ ಸಂದಿದೆ. ಯಾವ ಬೀದಿಗೆ ಮೊದಲು, ಯಾವ ಬೀದಿಗೆ ಎಷ್ಟು ಹೊತ್ತು ಎಂಬ ನ್ಯಾಯವಿತರಣೆಯ ಭಾರವೂ ಅವನ ಹೆಗಲ ಮೇಲೆಯೇ ಉಳಿದಿದೆ.

ನೀರಿನ ನಂತರ ಬರುವುದು ದಾರಿ ಮತ್ತು ದಾಖಲೆ. ನೆಲದ ಬೆಲೆ ಎಕರೆಗೆ ಕೋಟಿಗಳಲ್ಲಿ ಮಾತನಾಡತೊಡಗಿದ ಮೇಲೆ, ಅಜ್ಜಂದಿರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ ಬಂಡಿದಾರಿಗಳೆಲ್ಲ ಸರ್ವೆಯರ ಸರಪಣಿಗೆ ಸಿಕ್ಕಿ ವ್ಯಾಜ್ಯಗಳಾದುವು. ಪಹಣಿ, ಪೋಡಿ, ಖಾತೆ, ದುರಸ್ತಿ ಎಂಬ ಶಬ್ದಗಳು ಹಳ್ಳಿಯ ಮಕ್ಕಳಿಗೂ ಬಾಯಿಪಾಠವಾದುವು. ಗೋಮಾಳ ಒತ್ತುವರಿಯಾದರೆ ಕುರಿ ಕಾಯುವವನಿಗೆ ಅಂದೇ ಸಂಜೆ ತಿಳಿಯುತ್ತದೆ. ಕಚೇರಿಯ ಕಾಗದಕ್ಕೆ ತಿಳಿಯಲು ಕೆಲವು ವರ್ಷಗಳೇ ಬೇಕಾಗಬಹುದು. ಇದೆಲ್ಲದಕ್ಕಿಂತಲೂ ಕಠಿನವಾದ ಅಹವಾಲು ಸ್ಮಶಾನದ್ದು: ಬದುಕಿರುವಾಗ ಊರ ಹೊರಗೆ ಇರಿಸಲ್ಪಟ್ಟವರಿಗೆ ಸತ್ತ ಮೇಲೂ ಮೂರು ಮಾರು ನೆಲಕ್ಕಾಗಿ ತಾಲ್ಲೂಕು ಕಚೇರಿಯ ಮುಂದೆ ನಿಲ್ಲಬೇಕಾಗಿ ಬರುವುದು ಇಂದಿಗೂ ಅಪರೂಪದ ಸುದ್ದಿಯಾಗಿಲ್ಲ.

ಸಂತೋಷದ ವರ್ತಮಾನಗಳೂ ಇಲ್ಲದಿಲ್ಲ. ಮುಂಜಾನೆ ಡೇರಿಯಲ್ಲಿ ಫ್ಯಾಟಿನ ಅಂಶ ಏರಿದ್ದು, ವಿಜಯಪುರದ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ ಮೇಲಕ್ಕೆ ಹೋದದ್ದು, ದೇವನಹಳ್ಳಿಯ ಚಕ್ಕೋತಕ್ಕೂ ಈ ಸೀಮೆಯ ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಊರಿನ ಜೋಡಿಯೊಂದು ಒಳ್ಳೆಯ ಬೆಲೆಗೆ ಹೋದದ್ದು — ಇವು ಕಟ್ಟೆಯ ಮೇಲೆ ಹಲವು ದಿನ ಓಡಾಡತಕ್ಕ ಸುದ್ದಿಗಳು. ಹಿಂದೆ ಇಂಥವನ್ನು ಸಾರಲು ತಮಟೆಯಿತ್ತು. ಈಗ ಹೆಣ್ಣುಮಕ್ಕಳೇ ಓಡಿಸುವ ಪಂಚಾಯಿತಿಯ ಕಸದ ಗಾಡಿಯ ಧ್ವನಿವರ್ಧಕವಿದೆ, ಊರಿನ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಗುಂಪಿದೆ. ಆದರೆ ಸಾರುವುದು ಸುಲಭವಾದಷ್ಟೂ ವಿಚಾರಿಸುವುದು ಸುಲಭವಾಯಿತೆಂದು ಹೇಳುವ ಹಾಗಿಲ್ಲ.

ಇಂಗ್ಲೆಂಡಿನ ಹಳ್ಳಿಯೂ ನಮ್ಮ ಹಳ್ಳಿಯೂ

ಹಳ್ಳಿಯ ಇಂಥ ಸಣ್ಣ ಸುದ್ದಿಗಳಿಗೆ ಇಂಗ್ಲೆಂಡಿನಲ್ಲಿ ದೀರ್ಘವಾದ ಪರಂಪರೆಯಿದೆ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹಕ್ಕಿ, ಹವೆ, ಹೊಲಗಳ ವಾರ್ತೆಯನ್ನು 1789ರಷ್ಟು ಹಿಂದೆಯೇ ಗ್ರಂಥವಾಗಿ ಪ್ರಕಟಿಸಿದನು. ಚರ್ಚಿನ ಮಾಸಪತ್ರಿಕೆಗಳಲ್ಲಿ ಇಂದಿಗೂ ಹೂವಿನ ಪ್ರದರ್ಶನ, ನಿಂತುಹೋದ ಬಸ್ಸು, ರಸ್ತೆಯ ಗುಂಡಿ, ಹೊಲದ ಅಂಚಿನಲ್ಲಿ ಏಳಲಿರುವ ಹೊಸ ಮನೆಗಳು ಎಂಬಂಥ ವಿಷಯಗಳೇ ತುಂಬಿರುತ್ತವೆ. ಇವನ್ನು ಬರಿಯ ಹರಟೆಯೆಂದು ಬಿಡದೆ ಆಡಳಿತಕ್ಕೆ ಸೇರಿಸಿದ್ದು 1894ರ ಸ್ಥಳೀಯ ಆಡಳಿತ ಕಾಯ್ದೆ. ಅಲ್ಲಿಯವರೆಗೆ ಜಮೀನ್ದಾರನೂ ಪಾದ್ರಿಯೂ ಸೇರಿ ನಡೆಸುತ್ತಿದ್ದ ಊರಿನ ಕಾರುಬಾರನ್ನು ಆ ಕಾಯ್ದೆಯು 300 ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಗ್ರಾಮಗಳಲ್ಲಿ ಚುನಾಯಿತ ಮಂಡಳಿಗಳಿಗೆ ವಹಿಸಿಕೊಟ್ಟಿತು. ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತವಿಲ್ಲದ ಆ ಕಾಲದಲ್ಲಿ ಈ ಮಂಡಳಿಗಳಿಗೆ ನಿಲ್ಲುವ ಅಧಿಕಾರವನ್ನು ಅವರಿಗೆ ಕೊಟ್ಟಿತು. ಇಂದು ಇಂಗ್ಲೆಂಡಿನಲ್ಲಿ ಇಂಥ ಮಂಡಳಿಗಳು ಸುಮಾರು 10,000 ಇವೆ. ಊರಿನಲ್ಲಿ ಯಾರಾದರೂ ಕಟ್ಟಡಕ್ಕೆ ಅನುಮತಿ ಬೇಡಿದರೆ ಆ ಅರ್ಜಿಯ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಈ ಮಂಡಳಿಗಿದೆ. ಅಂತಿಮ ತೀರ್ಪು ಮೇಲಿನವರದೇ, ನಿಜ. ಆದರೂ ಮೇಲಿನವರು ತೀರ್ಮಾನಿಸುವ ಮೊದಲು ಊರಿನ ಮಾತು ಕಾಗದದ ಮೇಲೆ ಇರುತ್ತದೆ.

ಮೈಸೂರು ಸಂಸ್ಥಾನವೂ ಈ ದಿಕ್ಕಿನಲ್ಲಿ ಹಿಂದೆ ಬಿದ್ದಿರಲಿಲ್ಲ. 1926ರಲ್ಲಿಯೇ ಇಲ್ಲಿ ಗ್ರಾಮ ಪಂಚಾಯಿತಿಗಳ ಶಾಸನವೊಂದು ಜಾರಿಗೆ ಬಂದಿತು. ಸ್ವಾತಂತ್ರ್ಯದ ತರುವಾಯ 1961ರ ಶಾಸನದಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ರದ್ದಾದುವು. ಅವರ ಚಾವಡಿ ಖಾಲಿಯಾದ ಮೇಲೆ ಊರಿನ ಮಾತನ್ನು ಬರೆದುಕೊಳ್ಳಬೇಕಾದವರು ಯಾರೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯಲು ಇನ್ನೂ ಇಪ್ಪತ್ತೈದು ವರ್ಷ ಹಿಡಿಯಿತು.

ಹೋದ ನೀರು, ಬಂದ ನೀರು

ಇಂಗ್ಲೆಂಡಿನ ಹಳ್ಳಿಗಳಿಗೆ ಮಂಡಳಿ ದೊರೆತ ಆ 1894ರಲ್ಲಿಯೇ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯ ಸಿದ್ಧವಾಯಿತು. ಬೆಂಗಳೂರಿಗೆ ನಲ್ಲಿಯ ನೀರು ಬಂದದ್ದು ಅಲ್ಲಿಂದ. 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಬಂದಿತು. ದೊಡ್ಡಬಳ್ಳಾಪುರದ ಕೆರೆಗಳ ಕೋಡಿ ಬಿದ್ದ ನೀರು ರಾಜಧಾನಿಯ ಬಾಯಾರಿಕೆಯನ್ನು ತಣಿಸಿದ ಆ ಕಾಲದಲ್ಲಿ ನದೀಪಾತ್ರದ ಯಾವ ಹಳ್ಳಿಯೂ ತನ್ನ ಸಮ್ಮತಿಯನ್ನು ಕೊಡಬೇಕಾದ ಪ್ರಸಂಗವಿರಲಿಲ್ಲ, ಕೇಳಬೇಕೆಂದು ಯಾರಿಗೂ ತೋರಿರಲಿಕ್ಕೂ ಇಲ್ಲ. ಕ್ರಮೇಣ ನಗರವು ದೂರದ ಕಾವೇರಿಗೆ ಕೈಚಾಚಿತು. ಅರ್ಕಾವತಿಯ ಕಣಿವೆ ಒಣಗಿತು.

ಆ ಮೇಲೆ ನೀರು ತಿರುಗಿ ಬರತೊಡಗಿತು, ಆದರೆ ಬೇರೆ ರೂಪದಲ್ಲಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯೆಂಬ ಹೆಸರಿನಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕೆರೆಗಳೊಂದಿಗೆ ದೇವನಹಳ್ಳಿ ತಾಲ್ಲೂಕಿನ ಕೆರೆಗಳಿಗೂ ಹರಿಸಲಾಗುತ್ತಿದೆ. ಬತ್ತಿದ ಕೆರೆಯಲ್ಲಿ ನೀರು ಕಂಡ ರೈತನ ಸಂತೋಷವನ್ನು ಯಾರೂ ಅಲ್ಲಗಳೆಯಬಾರದು. ಸುತ್ತಲ ಕೊಳವೆಬಾವಿಗಳಲ್ಲಿ ಜೀವ ಬಂದುದೂ ಉಂಟು. ಅದೇ ರೈತನು “ಮೂರನೇ ಹಂತದ ಶುದ್ಧೀಕರಣ ಮಾಡಿ ಬಿಡಿ” ಎಂದು ಕೇಳುವಾಗ ಅವನನ್ನು ಕೃತಘ್ನನೆಂದು ಭಾವಿಸುವುದೂ ಸಲ್ಲದು. ಕೆರೆಗೆ ಬಂದದ್ದು ನೆಲದೊಳಕ್ಕೆ ಇಂಗಿ ಮರಳಿ ಬರುವುದು ಅವನ ಬೋರಿಗೆ, ಅವನ ಬಿಂದಿಗೆಗೆ.

ದೊಡ್ಡಬಳ್ಳಾಪುರದ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಸಂಕಟ ಇನ್ನೂ ತೀಕ್ಷ್ಣವಾದದ್ದು. ಪಟ್ಟಣದ ಚರಂಡಿಯ ನೀರೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಈ ಕೆರೆಗಳಿಗೆ ಸೇರುತ್ತಿವೆಯೆಂದು, ಅದರಿಂದ ಅಂತರ್ಜಲವೇ ಕೆಟ್ಟಿದೆಯೆಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಇದೇ ತಾಲ್ಲೂಕಿನ ಚಿಗರೇನಹಳ್ಳಿಯ ಸುತ್ತಿನವರು ಬೆಂಗಳೂರಿನಿಂದ ಲಾರಿಗಟ್ಟಲೆ ಬಂದು ಬೀಳುವ ಕಸದ ವಿರುದ್ಧ ದನಿಯೆತ್ತಿದ್ದಾರೆ. ನಗರವು ಎಸೆದ ಕಸ, ಪಟ್ಟಣವು ಬಿಟ್ಟ ಚರಂಡಿ, ಕಾರ್ಖಾನೆಯು ಹರಿಸಿದ ರಸಾಯನ — ಇವು ಮೂರೂ ಹಳ್ಳಿಯಲ್ಲಿ ಹುಟ್ಟಿದವಲ್ಲ. ಹಳ್ಳಿಯ ಸುದ್ದಿಯಾಗಿ ಮಾತ್ರ ಅಚ್ಚಾಗುತ್ತವೆ, ಅದೂ ಜಿಲ್ಲಾ ಪುಟದಲ್ಲಿ. ಅವುಗಳ ಮೂಲವಿರುವ ನಗರದ ಆವೃತ್ತಿಯಲ್ಲಿ ಅವುಗಳಿಗೆ ಸ್ಥಳವಿರುವುದಿಲ್ಲವಾದುದರಿಂದ, ಕಾರಣಕರ್ತನಿಗೆ ತನ್ನ ಕಾರ್ಯದ ಫಲ ತಿಳಿಯದೆಯೇ ಹೋಗುತ್ತದೆ.

ಹದಿಮೂರು ಹಳ್ಳಿಗಳ ಧರಣಿ

ನೀರಿನ ಕಥೆ ಹೀಗಾದರೆ ನೆಲದ ಕಥೆ ಬೇರೆಯಲ್ಲ. ಸುಮಾರು 4,000 ಎಕರೆ ವಿಸ್ತಾರದ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಮಗ್ಗುಲಲ್ಲಿ ಕಾರ್ಯಾರಂಭ ಮಾಡಿದ ದಿನದಿಂದ ಆ ತಾಲ್ಲೂಕಿನ ರಾಗಿ, ದ್ರಾಕ್ಷಿ, ಹಿಪ್ಪುನೇರಳೆಯ ಹೊಲಗಳೆಲ್ಲ ‘ನಿವೇಶನ’ವಾಗಲು ಕಾದಿರುವ ಭೂಮಿಯೆಂಬಂತೆ ಹೊರಗಿನವರ ಕಣ್ಣಿಗೆ ಕಾಣತೊಡಗಿದುವು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ವೈಮಾನಿಕ ಮತ್ತು ರಕ್ಷಣಾ ಉದ್ಯಮಗಳಿಗಾಗಿ ಸ್ವಾಧೀನಪಡಿಸಿಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಮುಂದಾದುದು ಈ ದೃಷ್ಟಿಯ ಸಹಜ ಪರಿಣಾಮವೇ ಸರಿ. ಆ ಮಂಡಳಿಯು ಆಧರಿಸಿರುವ 1966ರ ಕಾಯ್ದೆಯಲ್ಲಿ, 2013ರ ಕೇಂದ್ರ ಶಾಸನವು ಭೂಸ್ವಾಧೀನಕ್ಕೆ ಮೊದಲು ಆಗಲೇಬೇಕೆಂದು ವಿಧಿಸಿದ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅವಕಾಶವಿಲ್ಲ. ಅಧಿಸೂಚನೆ ಹೊರಡುತ್ತದೆ, ರೈತನಿಗೆ ನೋಟಿಸು ಬರುತ್ತದೆ, ಆಕ್ಷೇಪಣೆಯಿದ್ದರೆ ಅವನು ಒಬ್ಬೊಬ್ಬನಾಗಿ ಬಂದು ಹೇಳಬೇಕಾಗುತ್ತದೆ. ಊರು ಊರಾಗಿ ಮಾತನಾಡಲು ಅಲ್ಲಿ ಆಸನವನ್ನೇ ಇಟ್ಟಿಲ್ಲ.

ಆದ್ದರಿಂದ ಊರು ತನ್ನ ಆಸನವನ್ನು ತಾನೇ ಹಾಕಿಕೊಂಡಿತು. ಪಾಳ್ಯ, ಹರಳೂರು, ಪೋಲನಹಳ್ಳಿ, ನಲ್ಲಪ್ಪನಹಳ್ಳಿ, ಮಟ್ಟಬಾರ್ಲು, ಹ್ಯಾಡಾಳ, ಚೀಮಾಚನಹಳ್ಳಿ, ಗೋಕರೆ ಬಚ್ಚೇನಹಳ್ಳಿ ಮೊದಲಾದ ಹಳ್ಳಿಗಳ ಜನ 2022ರ ಏಪ್ರಿಲ್ 4ರಂದು ಆರಂಭಿಸಿದ ಧರಣಿಯು 1,198 ದಿನಗಳ ಕಾಲ ನಡೆಯಿತು. ಈ ನಡುವೆ ಸರಕಾರ ಬದಲಾಯಿತು. ವಿರೋಧಪಕ್ಷದಲ್ಲಿದ್ದಾಗ ಬೆಂಬಲಿಸಿದವರು ಅಧಿಕಾರಕ್ಕೆ ಬಂದ ಮೇಲೂ ಧರಣಿಯ ಚಪ್ಪರ ಇಳಿಯಲಿಲ್ಲ. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪ್ರತಿಭಟನಕಾರರನ್ನು ಪೊಲೀಸರು ಎತ್ತಿಕೊಂಡು ಹೋದ ಮೇಲೆ, ಅಲ್ಲಿಯವರೆಗೆ ಜಿಲ್ಲಾ ಪುಟದಲ್ಲಿದ್ದ ಸುದ್ದಿಯು ಮುಖಪುಟಕ್ಕೆ ಬಂದಿತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿ ಪ್ರಕಟಿಸಿದರು.

ಆ ಜಯವನ್ನು ಕೊಂಡಾಡುವಾಗ ಒಂದು ಸಂಗತಿಯನ್ನು ಮರೆಯಲಾಗದು. ಸ್ವಇಚ್ಛೆಯೆಂಬ ಮಾತು ಊರನ್ನು ಒಡೆಯಲೂ ಬಲ್ಲುದು. ಸಾಲದಲ್ಲಿ ಮುಳುಗಿದವನ ಇಚ್ಛೆಯೂ, ಮಕ್ಕಳು ಪೇಟೆ ಸೇರಿ ಬೇಸಾಯ ಬಿಟ್ಟವನ ಇಚ್ಛೆಯೂ, ಆರು ಎಕರೆ ದ್ರಾಕ್ಷಿಯಲ್ಲಿ ಸುಖವಾಗಿರುವವನ ಇಚ್ಛೆಯೂ ಒಂದೇ ಆಗಿರಲಾರವು. ಮಾರಬಯಸುವವನನ್ನು ದ್ರೋಹಿಯೆಂದು ಕರೆಯುವುದು ಎಷ್ಟು ಅನ್ಯಾಯವೋ, ಅವನ ಹೆಸರು ಹೇಳಿಕೊಂಡು ಎಲ್ಲರ ನೆಲಕ್ಕೆ ಬೇಲಿ ಹಾಕುವುದೂ ಅಷ್ಟೇ ಅನ್ಯಾಯ. ಈ ಭಿನ್ನಾಭಿಪ್ರಾಯಗಳನ್ನು ಎದುರುಬದುರು ಕೂಡಿಸಿ ಕೇಳುವ ಸ್ಥಳವೊಂದಿದ್ದಿದ್ದರೆ, ಮೂರು ಬೇಸಗೆ ಮೂರು ಮಳೆಗಾಲ ರಸ್ತೆಯ ಬದಿಯಲ್ಲಿ ಕುಳಿತು ಕೂಗಬೇಕಾದ ಅಗತ್ಯ ಬರುತ್ತಿತ್ತೇ?

ಸಭೆಯೊಂದಿದೆ, ಅದು ಸೇರುವುದೆಂತು?

ಅಂಥ ಸ್ಥಳವು ಶಾಸನದಲ್ಲಿ ಇದೆಯೆಂಬುದೇ ಆಶ್ಚರ್ಯ. ಕರ್ನಾಟಕದಲ್ಲಿ ಪಂಚಾಯಿತಿಗಳಿಗೆ ನಿಜವಾದ ಜೀವ ತುಂಬಿದ ಅಬ್ದುಲ್ ನಜೀರ್ ಸಾಬರು 1983ರ ಶಾಸನವನ್ನು ರೂಪಿಸಿ, 1987ರಲ್ಲಿ ಅದರಂತೆ ಚುನಾವಣೆ ನಡೆಯುವುದನ್ನು ಕಂಡು, ಮಾರನೆಯ ವರ್ಷ ತೀರಿಕೊಂಡರು. ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿದ್ದರಿಂದ ಜನ ಅವರನ್ನು ‘ನೀರು ಸಾಬ್’ ಎಂದೇ ಕರೆದರು. ಅವರು ಕೊಟ್ಟ ಎರಡು ವರಗಳಲ್ಲಿ ಒಂದಾದ ನೀರು ಇಂದು ಸಾವಿರ ಅಡಿಗಳ ಕೆಳಕ್ಕೆ ಇಳಿದಿದೆ. ಇನ್ನೊಂದಾದ ಸ್ವಯಮಾಡಳಿತವು 73ನೆಯ ತಿದ್ದುಪಡಿ ಮತ್ತು 1993ರ ಪಂಚಾಯತ್ ರಾಜ್ ಕಾಯ್ದೆಗಳಿಂದ ಸಂವಿಧಾನದ ಭದ್ರತೆಯನ್ನು ಪಡೆದಿದೆ. ಸುಮಾರು 400 ಜನಕ್ಕೊಬ್ಬ ಸದಸ್ಯ, ಅರ್ಧದಷ್ಟು ಸ್ಥಾನ ಸ್ತ್ರೀಯರಿಗೆ, ಪರಿಶಿಷ್ಟರಿಗೂ ಹಿಂದುಳಿದವರಿಗೂ ಮೀಸಲು, ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆ, ಅದಕ್ಕೂ ಮೊದಲು ವಾರ್ಡುಸಭೆ.

ಈ ವ್ಯವಸ್ಥೆಯನ್ನು ಹಿಂದಿನ ಕಟ್ಟೆಪಂಚಾಯಿತಿಯ ಮುಂದುವರಿಕೆಯೆಂದು ಭಾವಿಸುವುದು ತಪ್ಪು. ಚಾರ್ಲ್ಸ್ ಮೆಟ್‌ಕಾಫ್ ಎಂಬ ಆಂಗ್ಲ ಅಧಿಕಾರಿಯು 1830ರಲ್ಲಿ ಭಾರತದ ಗ್ರಾಮಗಳನ್ನು ಪುಟ್ಟ ಗಣರಾಜ್ಯಗಳೆಂದು ಪ್ರಶಂಸಿಸಿದ್ದನ್ನು ನೆಚ್ಚಿ ನಮ್ಮವರು ಬಹುಕಾಲ ಹಿಗ್ಗಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಆ ಹಿಗ್ಗನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸಿದರು. ಅವರ ಖಂಡನೆಯ ಸತ್ಯವನ್ನು ತಿಳಿಯಲು ನಮ್ಮ ಅರಳಿಕಟ್ಟೆಯ ಮೇಲೆ ಯಾರು ಕುಳಿತುಕೊಳ್ಳುತ್ತಿದ್ದರು, ಯಾರು ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದರು, ಯಾರು ಬಾಗಿಲ ಮರೆಯಿಂದ ಆಲಿಸುತ್ತಿದ್ದರು ಎಂಬುದನ್ನು ನೆನೆದರೆ ಸಾಕು. ತಮಟೆ ಬಾರಿಸಿ ಸುದ್ದಿ ಸಾರಿದವನಿಗೆ ಆ ಸುದ್ದಿಯ ವಿಷಯದಲ್ಲಿ ಮಾತನಾಡುವ ಅಧಿಕಾರ ಮಾತ್ರ ಇರಲಿಲ್ಲ. ಗ್ರಾಮಸಭೆಯು ಅವನಿಗೂ ಅವನ ಮಗಳಿಗೂ ಕುರ್ಚಿ ಹಾಕಿಕೊಟ್ಟಿದೆ. ಕಟ್ಟೆಗಿಂತ ಸಭೆ ಮೇಲೆಂದು ಹೇಳುವುದಕ್ಕೆ ಇದೊಂದೇ ಕಾರಣ ಸಾಲದೇ?

ಆದರೆ ಆ ಕುರ್ಚಿಯ ಮುಂದೆ ಇಂದು ನಡೆಯುತ್ತಿರುವುದೇನು? ಜಿಲ್ಲಾ ಪುಟದಲ್ಲಿ ಪದೇ ಪದೇ ಕಾಣಸಿಗುವ ಶೀರ್ಷಿಕೆಯೊಂದುಂಟು: ‘ಅಧಿಕಾರಿಗಳ ಗೈರು, ಗ್ರಾಮಸಭೆ ಮುಂದೂಡಿಕೆ’. ಸೇರಿದ ಸಭೆಗಳಲ್ಲಿಯೂ ಬಹುಪಾಲು ಹೊತ್ತು ವಸತಿ ಫಲಾನುಭವಿಗಳ ಪಟ್ಟಿಗೂ ಉದ್ಯೋಗ ಖಾತರಿಯ ಕ್ರಿಯಾಯೋಜನೆಗೂ ಸಂದುಹೋಗುತ್ತದೆ. ನಲ್ಲಿಯ ನೀರು ಕೇಳಲು ಎದ್ದು ನಿಂತ ಹೆಂಗಸಿಗೆ “ಕೂತ್ಕೊಳಕ್ಕಾ, ಬರ್ಕೊಂಡಿದೀವಿ” ಎಂಬ ಸಮಾಧಾನ ದೊರೆಯುತ್ತದೆ. ಬರೆದುಕೊಂಡದ್ದು ಏನಾಯಿತೆಂದು ಮುಂದಿನ ಸಭೆಯಲ್ಲಿ ಓದಿ ಹೇಳುವವರು ವಿರಳ. 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಅನಂತರದ ವರ್ಷಗಳಲ್ಲಿ ಚುನಾವಣೆಯೇ ನಡೆಯದೆ, ಗ್ರಾಮದ ಠರಾವನ್ನು ಮೇಲಕ್ಕೆ ಹೊತ್ತೊಯ್ಯತಕ್ಕ ಮೆಟ್ಟಿಲುಗಳೂ ಇಲ್ಲವಾದುವು. ಕೆರೆಗೆ ಯಾವ ನೀರು ಬರಬೇಕು, ಊರ ಬದಿಯಲ್ಲಿ ಯಾರ ಕಸ ಬೀಳಬೇಕು, ಯಾವ ಹೊಲ ಕಾರ್ಖಾನೆಯಾಗಬೇಕು ಎಂಬ ದೊಡ್ಡ ಪ್ರಶ್ನೆಗಳು ಸಭೆಯ ವಿಷಯಪಟ್ಟಿಗೆ ಬರುವುದು ಅವು ತೀರ್ಮಾನವಾದ ಮೇಲೆ. ಸಣ್ಣದನ್ನು ಕೇಳಿ ಮರೆಯುವುದು, ದೊಡ್ಡದನ್ನು ಕೇಳದೆಯೇ ಮುಗಿಸುವುದು — ಎರಡೂ ಒಂದೇ ರೋಗದ ಲಕ್ಷಣಗಳು.

ಚಿಕಿತ್ಸೆಗೆ ಹೊಸ ಶಾಸನವನ್ನೇ ಕಾಯಬೇಕಾಗಿಲ್ಲ. ಪ್ರತಿಯೊಂದು ಗ್ರಾಮಸಭೆಯೂ ಹಿಂದಿನ ಸಭೆಯ ಅನುಪಾಲನಾ ವರದಿಯನ್ನು ಓದುವುದರಿಂದಲೇ ಆರಂಭವಾಗಲಿ. ಗೈರಾದ ಅಧಿಕಾರಿಯ ಹೆಸರು ನಡವಳಿಯಲ್ಲಿ ದಾಖಲಾಗಲಿ. ನಡವಳಿಯ ಪ್ರತಿಯನ್ನು ಪಂಚಾಯಿತಿಯ ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆಗೆದು ಓದುವಂತಿರಲಿ. ಕೆರೆಯ ನೀರಿನ ಪರೀಕ್ಷೆಯ ಫಲಿತಾಂಶವೂ ಭೂಸ್ವಾಧೀನದ ಪ್ರಸ್ತಾಪವೂ ರಾಜ್ಯಪತ್ರದಲ್ಲಿ ಅಚ್ಚಾಗುವ ಮೊದಲು ಆ ಊರಿನ ಸಭೆಯ ಮುಂದೆ ಬರುವುದು ಕಡ್ಡಾಯವಾಗಲಿ. ಇದಕ್ಕೆ ಮಾತ್ರ ವಿಧಾನಸೌಧವು ಮನಸ್ಸು ಮಾಡಬೇಕು. ಪತ್ರಿಕೆಗಳೂ ಗ್ರಾಮಸಭೆಯಲ್ಲಿ ಹಾರ ಹಾಕಿಸಿಕೊಂಡವರ ಚಿತ್ರವನ್ನು ಬಿಟ್ಟು ಅಲ್ಲಿ ಆದ ಠರಾವನ್ನು ಅಚ್ಚುಮಾಡುವ ರೂಢಿಯನ್ನು ಬೆಳೆಸಿಕೊಳ್ಳಬಾರದೇಕೆ?

ಹಳ್ಳಿಯವರ ಸುದ್ದಿ ಹಳ್ಳಿಯವರಿಗೇ ಸಾಕೆಂಬ ಉಪೇಕ್ಷೆಯನ್ನು ಬೆಂಗಳೂರಿಗರು ಬಹುಕಾಲ ನಡೆಸಿಕೊಂಡು ಬರಲಾರರು. ಅವರ ಹಾಲು, ಸೊಪ್ಪು, ದ್ರಾಕ್ಷಿಯ ಒಂದು ಪಾಲು ಬರುವುದು ಈ ನೆಲದಿಂದ. ಅವರ ಕೊಳಚೆಯೂ ಕಸವೂ ಹೋಗುವುದು ಇದೇ ನೆಲಕ್ಕೆ. ಚನ್ನರಾಯಪಟ್ಟಣದ ಹದಿಮೂರು ಹಳ್ಳಿಗಳು ಮೂರು ವರ್ಷಕ್ಕೂ ಮಿಗಿಲಾಗಿ ಬೀದಿಯಲ್ಲಿ ಕುಳಿತು ಗಳಿಸಿಕೊಂಡ ಕಿವಿಯನ್ನು ಉಳಿದ ಹಳ್ಳಿಗಳು ಸಭೆಯಲ್ಲಿ ಕುಳಿತೇ ಗಳಿಸುವಂತಾಗಬೇಕು. ದೊಡ್ಡತುಮಕೂರಿನ ಕೆರೆಯ ವಿಚಾರದಲ್ಲಿ ಅಂಥ ಸಭೆಯೊಂದು ಸೇರಿ, ಪಟ್ಟಣದವರೂ ಕಾರ್ಖಾನೆಯವರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳೂ ಆ ಊರಿನವರ ಎದುರು ಕುಳಿತು ಉತ್ತರ ಕೊಟ್ಟು, ಆ ಉತ್ತರವು ನಡವಳಿಯಲ್ಲಿ ಸೇರಿ, ಆರು ತಿಂಗಳ ಮೇಲೆ ಅದನ್ನು ಮತ್ತೆ ತೆರೆದು ಲೆಕ್ಕ ಕೇಳಿದರೆ, ಬೆಂಗಳೂರು ಗ್ರಾಮಾಂತರದಲ್ಲಿ ಪಂಚಾಯಿತಿಯೆಂಬುದು ಆರಂಭವಾಯಿತೆಂದು ಧೈರ್ಯವಾಗಿ ಹೇಳಬಹುದು.